ಕಲಿಯಲಿಕ್ಕೂ ನಮ್ಮೂರಿಗೆ ಬರಲಿ

"ಹುಬ್ಬಳ್ಳಿಗೆ ಒಯ್ರಿ."

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಈ ಮಾತಿನ ಭಾರ ಎಷ್ಟೆಂದು ಯಾರೂ ತಿಳಿಸಬೇಕಾಗಿಲ್ಲ. ಸರಕಾರಿ ಆಸ್ಪತ್ರೆಯ ಬಾಗಿಲಲ್ಲಿ, ರಾತ್ರಿಪಾಳಿಯ ನರ್ಸಮ್ಮನ ಬಾಯಲ್ಲಿ, ಒಬ್ಬಂಟಿಯಾಗಿ ದುಡಿದು ದಣಿದ ಡ್ಯೂಟಿ ಡಾಕ್ಟರ ದನಿಯಲ್ಲಿ ಅದನ್ನು ಕೇಳಿದ್ದೀರಿ. ನಿಮ್ಮ ಅವ್ವನ ಸಲುವಾಗಿ ಕೇಳಿದ್ದೀರಿ, ಬಾಜೂ ಮನೆಯ ಬಸುರಿಯ ಸಲುವಾಗಿ ಕೇಳಿದ್ದೀರಿ, ಹೊಲದಲ್ಲಿ ಹಾವು ಕಡಿದ ಆಳುಮಗನ ಸಲುವಾಗಿ ಕೇಳಿದ್ದೀರಿ. ಹಾಗೆ ಹೇಳಿದವರು ಕರುಣೆಯಿಲ್ಲದವರಲ್ಲ. ಅರಿವಳಿಕೆ ಕೊಡುವವರು ಆ ಹೊತ್ತಿಗೆ ಇಲ್ಲ, ಹೊಟ್ಟೆ ಕೊಯ್ದು ಕೂಸನ್ನು ಹೊರತೆಗೆಯುವವರಿಲ್ಲ, ಕೂಸು ಅಳದಿದ್ದರೆ ಅದಕ್ಕೆ ಉಸಿರು ಕೂಡಿಸುವ ಮಕ್ಕಳ ತಜ್ಞರಿಲ್ಲ. ಇಲ್ಲದ್ದನ್ನು ಇದೆ ಎನ್ನಲಾರದೆ ಅವರು ದಾರಿ ತೋರಿಸುತ್ತಾರೆ. ನೀವು ಗಾಡಿ ಹುಡುಕುತ್ತೀರಿ.

ಈ ಮಾತು ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಮನೆಯ ಮುಂದೆ ಕಾರು ನಿಂತವರಿಗೆ, ಹುಬ್ಬಳ್ಳಿಯಲ್ಲಿ ಬೀಗರಿದ್ದವರಿಗೆ, ಫೋನ್ ಹಚ್ಚಿದರೆ ಎತ್ತುವ ಡಾಕ್ಟರ ಪರಿಚಯವಿದ್ದವರಿಗೆ ಅದು ಒಂದೆರಡು ತಾಸಿನ ದಾರಿ. ಆದರೆ ಗಜೇಂದ್ರಗಡದ ಗುಡ್ಡದಾಚೆಯ ತಾಂಡಾದಲ್ಲಿ, ಮಗ ಸೊಸೆ ಗೋವೆಗೆ ದುಡಿಯಲು ಹೋಗಿ, ಮೊಮ್ಮಕ್ಕಳನ್ನು ಕಟ್ಟಿಕೊಂಡು ಕುಳಿತ ಮುದುಕಿಗೆ ಅದು ದಾರಿಯಲ್ಲ, ತೀರ್ಪು. ಹೆರಿಗೆಯಾದ ಮೇಲೆ ರಕ್ತ ನಿಲ್ಲದ ಬಾಣಂತಿಯ ಜೀವ ಎರಡು ತಾಸಿನೊಳಗೆ ಹೋಗಿಬಿಡಬಹುದು. ಲಕ್ವಾ ಹೊಡೆದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿ ಕೊಡಲು ಇರುವ ಅವಧಿ ನಾಲ್ಕೂವರೆ ತಾಸು. ನಾಗರಹಾವು ಕಡಿದವರ ಉಸಿರು ಅಷ್ಟು ಹೊತ್ತು ಕಾಯುವುದೂ ಇಲ್ಲ. ಈ ತಾಸುಗಳನ್ನು ನಮ್ಮ ಬಡವರು ಪ್ರತಿಸಲ ರಸ್ತೆಯ ಮೇಲೆ ಕಳೆಯುತ್ತಾರೆ, ಕಳೆದದ್ದನ್ನು ಹಣೆಬರಹ ಎಂದುಕೊಂಡು ಊರಿಗೆ ಮರಳುತ್ತಾರೆ. ಯಾರನ್ನೂ ದೂರುವುದಿಲ್ಲ, ಯಾರಿಗೂ ಅರ್ಜಿ ಕೊಡುವುದಿಲ್ಲ. ಅವರ ಪರವಾಗಿ ಮಾತನಾಡಬಲ್ಲವರು ನೀವು. ಅದಕ್ಕೇ ಈ ಮಾತುಗಳು ನಿಮಗೆ.

ನಾಡಿನಲ್ಲಿ ವೈದ್ಯರೇ ಇಲ್ಲ ಎಂದಿದ್ದರೆ ದುಃಖಪಟ್ಟು ಸುಮ್ಮನಿರಬಹುದಿತ್ತು. ಹಾಗಿಲ್ಲವೆಂದು ನಿಮಗೆ ಗೊತ್ತು. ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟುಗಳೇ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು. ದೇಶದಲ್ಲೇ ಮುಂಚೂಣಿಯಲ್ಲಿರುವ ರಾಜ್ಯ ನಮ್ಮದು. ಹೀಗಿದ್ದೂ ಹೋಬಳಿಯ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಇರಲೇಬೇಕಾದ ನಾಲ್ವರು ತಜ್ಞರು, ಅಂದರೆ ಶಸ್ತ್ರವೈದ್ಯರು, ಫಿಜಿಷಿಯನ್, ಹೆರಿಗೆ ತಜ್ಞರು, ಮಕ್ಕಳ ತಜ್ಞರು, ದೇಶದುದ್ದಕ್ಕೂ ಸಿಗುವುದೇ ಅಪರೂಪ. ಕೇಂದ್ರ ಸರಕಾರದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ಬೇಕಾದ ತಜ್ಞರಲ್ಲಿ ನೂರಕ್ಕೆ ಸುಮಾರು 80 ಮಂದಿ ಇರಲೇ ಇಲ್ಲ. ವೈದ್ಯರು ಹುಟ್ಟುತ್ತಿದ್ದಾರೆ, ನಮ್ಮ ಕಡೆ ಬರುತ್ತಿಲ್ಲ. ಏಕೆ ಬರುತ್ತಿಲ್ಲ ಎಂಬುದೂ ಗುಟ್ಟಲ್ಲ. ನಾವು ಅವರನ್ನು ಒಂದು ಕಡೆ ಕಲಿಸಿ, ಅಲ್ಲೇ ದೊಡ್ಡವರನ್ನಾಗಿ ಮಾಡಿ, ಆಮೇಲೆ ಇನ್ನೊಂದು ಕಡೆಗೆ ಹೋಗಿರೆಂದು ಕೈಮುಗಿಯುತ್ತೇವೆ.

ಕಲಿತ ಊರು ವೈದ್ಯರನ್ನು ಹಿಡಿದುಕೊಳ್ಳುತ್ತದೆ. ಇದು ನನ್ನೊಬ್ಬನ ಭಾವನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ, ಮತ್ತೆ 2021ರಲ್ಲಿ, ಎಲ್ಲ ದೇಶಗಳಿಗೂ ಇದನ್ನೇ ಹೇಳಿತು: ಹಳ್ಳಿಯ ಮಕ್ಕಳಿಗೆ ವೈದ್ಯಕೀಯ ಸೀಟು ಕೊಡಿ, ಕಾಲೇಜನ್ನೂ ಉನ್ನತ ತರಬೇತಿಯನ್ನೂ ದೊಡ್ಡ ನಗರಗಳ ಹೊರಗೆ ಒಯ್ಯಿರಿ, ಕಲಿಯುವಾಗಲೇ ಹಳ್ಳಿಯ ಆಸ್ಪತ್ರೆಯಲ್ಲಿ ದುಡಿಯಲು ಬಿಡಿ, ಆಗ ಅವರು ಅಲ್ಲಿ ನಿಲ್ಲುತ್ತಾರೆ. ಜಪಾನಿನವರು 1972ರಲ್ಲೇ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಕಟ್ಟಿ, ಒಂದೊಂದು ಪ್ರಾಂತದಿಂದಲೂ ಮಕ್ಕಳನ್ನು ಆರಿಸಿ, ಫೀಯ ಹೊರೆ ಇಳಿಸಿ, ಒಂಬತ್ತು ವರ್ಷ ತಮ್ಮ ತಮ್ಮ ಪ್ರಾಂತದ ಸೇವೆಗೆ ಮರಳಿಸುವ ದಾರಿ ಹಾಕಿದರು. ಅಮೆರಿಕದಲ್ಲಿ ಕುಟುಂಬ ವೈದ್ಯರ ಲೆಕ್ಕ ತೆಗೆದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ತಾವು ರೆಸಿಡೆನ್ಸಿ, ಅಂದರೆ ತಜ್ಞ ತರಬೇತಿ, ಮುಗಿಸಿದ ಆಸ್ಪತ್ರೆಯಿಂದ ನೂರು ಮೈಲಿಯೊಳಗೇ ನೆಲೆಸಿದ್ದು ಕಂಡಿತು.

ಹಾಗಾಗುವುದು ಸಹಜವೇ. ಹದಿನೆಂಟರ ಹುಡುಗಿ ಎಂಬಿಬಿಎಸ್ ಸೇರಿ ಐದೂವರೆ ವರ್ಷ ಅಲ್ಲಿರುತ್ತಾಳೆ, ಪಿಜಿ ಎಂದು ಮತ್ತೆ ಮೂರು ವರ್ಷ. ಗೆಳೆತನ, ಮದುವೆ, ಗುರುಗಳು, ಮೊದಲು ಮಾಡಿದ ಶಸ್ತ್ರಕ್ರಿಯೆ, ಮೊದಲು ಉಳಿಸಿದ ಜೀವ, ಎಲ್ಲವೂ ಆ ಒಂದೇ ಊರಿನಲ್ಲಿ. ನಮ್ಮ ಎರೆ ಹೊಲದ ಹಿಂಗಾರಿ ಕಡಲೆಯನ್ನು ನೋಡಿದ್ದೀರಲ್ಲ? ಬಿತ್ತಿದ ಮೇಲೆ ಮಳೆ ಬರಲಿ ಬಿಡಲಿ, ನೆಲದೊಳಗಿನ ಹಸಿ ಎಲ್ಲಿದೆಯೋ ಅಲ್ಲಿಗೆ ಬೇರು ಇಳಿಸಿ ಕಾಯಿಕಟ್ಟುತ್ತದೆ. ಕಲಿಕೆಯ ವರ್ಷಗಳ ಹಸಿ ಇರುವಲ್ಲೇ ವೈದ್ಯರ ಬೇರೂ ಇಳಿಯುತ್ತದೆ. ಬೇರು ಇಳಿದಾದ ಮೇಲೆ ಕಿತ್ತು ಇನ್ನೊಂದು ಕಡೆ ನೆಡುತ್ತೇವೆಂದರೆ ಅವರಿಗೂ ನೋವು, ನಮಗೂ ಬೆಳೆಯಿಲ್ಲ.

ನಮ್ಮ ಸೀಮೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮುಂಬಯಿ ಪ್ರಾಂತದಲ್ಲಿದ್ದಾಗ ದೊಡ್ಡ ರೋಗಕ್ಕೆ ಮೀರಜಿನ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದ ಹಿರಿಯರ ನೆನಪು ಎಷ್ಟೋ ಮನೆಗಳಲ್ಲಿದೆ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ಆಸ್ಪತ್ರೆ ತೆರೆದ ಮೇಲೆ ದಾರಿ ಅಷ್ಟು ಕಡಿಮೆಯಾಯಿತು, ಅದನ್ನು ಜನ ಇಂದಿಗೂ ಜರ್ಮನ್ ದವಾಖಾನೆ ಎನ್ನುತ್ತಾರೆ. 1957ರಲ್ಲಿ ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು ಬಂತು. ಕಾಲೇಜು ಬಂದದ್ದಕ್ಕೇ ತಜ್ಞರು ಬಂದರು, ತಜ್ಞರು ಬಂದದ್ದಕ್ಕೇ "ಹುಬ್ಬಳ್ಳಿಗೆ ಒಯ್ರಿ" ಎಂಬ ಮಾತು ಹುಟ್ಟಿತು. 1997ರಲ್ಲಿ ಗದಗ ಜಿಲ್ಲೆಯಾಯಿತು, 2015ರಲ್ಲಿ ಗದಗಿಗೂ ಸರಕಾರಿ ವೈದ್ಯಕೀಯ ಕಾಲೇಜು ಬಂತು, ವರ್ಷಕ್ಕೆ 150 ಮಕ್ಕಳು ಸೇರತೊಡಗಿದರು. ಕಲಿಕೆ ಒಂದೊಂದು ಹೆಜ್ಜೆ ಹತ್ತಿರ ಬಂದಾಗಲೂ ಚಿಕಿತ್ಸೆ ಒಂದೊಂದು ಹೆಜ್ಜೆ ಹತ್ತಿರ ಬಂದಿದೆ. ಉಳಿದಿರುವುದು ಕೊನೆಯ ನಲವತ್ತು ಐವತ್ತು ಕಿಲೋಮೀಟರು. ಆ ಕೊನೆಯ ದಾರಿಯ ಮೇಲೇ ಜನ ಸಾಯುತ್ತಿದ್ದಾರೆ.

ಎಲ್ಲಿ ಓದಿದಿರಿ ಎಂಬುದರ ಮೇಲೆ ಮುಂದೆ ಎಲ್ಲಿ ಸೀಟು ಸಿಗುತ್ತದೆ ಎಂಬುದೂ ನಿಂತಿದೆ. ಸರಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಉಳಿದರ್ಧದಲ್ಲೂ ಹುಟ್ಟಿದ ರಾಜ್ಯ, ವಾಸದ ರಾಜ್ಯ ನೋಡಿ ಮೀಸಲು ಕೊಡುವುದು ಸಂವಿಧಾನಕ್ಕೆ ಒಪ್ಪದು ಎಂದು ಸುಪ್ರೀಂ ಕೋರ್ಟು 2025ರ ಜನವರಿ 29ರಂದು ತೀರ್ಪಿತ್ತಿತು. ಆದರೆ ಕಲಿತ ಸಂಸ್ಥೆಯನ್ನು ನೋಡಿ ಒಂದು ಮಿತಿಯೊಳಗೆ ಆದ್ಯತೆ ಕೊಡುವುದನ್ನು ಉಳಿಸಿತು. ಅಂದರೆ ನಾಳೆ ರೋಣದ ಮಗಳೊಬ್ಬಳು ಹೆರಿಗೆ ತಜ್ಞೆಯಾಗುವಾಗ ಅವಳ ಕೈಹಿಡಿಯುವುದು ರೋಣದಲ್ಲಿ ಹುಟ್ಟಿದಳೆಂಬ ಸಂಗತಿಯಲ್ಲ, ಎಂಬಿಬಿಎಸ್ ಎಲ್ಲಿ ಓದಿದಳೆಂಬ ಸಂಗತಿ. ತಾಯಿಯೂರಿನ ನಂಟನ್ನು ಕಾನೂನು ಲೆಕ್ಕಕ್ಕೆ ಹಿಡಿಯದಿದ್ದಾಗ ಆ ನಂಟನ್ನು ಕಲಿಕೆಯ ಮೂಲಕವೇ ಕಟ್ಟಬೇಕು. ಬೇರೆ ದಾರಿ ಉಳಿದಿಲ್ಲ.

ಆ ಕಲಿಕೆಯನ್ನು ತಾಲ್ಲೂಕಿಗೆ ತರಲು ದಾರಿ ಇದೆಯೇ ಎಂದರೆ, ಇದೆ. ರಾಷ್ಟ್ರಮಟ್ಟದ ನಿಯಮವೇ ಇದೆ. 2020ರ ಸೆಪ್ಟೆಂಬರಿನಲ್ಲಿ ಹೊರಟ ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮದ ಪ್ರಕಾರ 2021ರಿಂದ ಎಂಡಿ, ಎಂಎಸ್ ಸೇರಿದ ಪ್ರತಿಯೊಬ್ಬರೂ ಮೂರು ತಿಂಗಳು ಜಿಲ್ಲಾ ಹಂತದ ಸರಕಾರಿ ಆಸ್ಪತ್ರೆಯಲ್ಲಿ ದುಡಿಯಲೇಬೇಕು. ಮೊದಲು ನೂರು ಹಾಸಿಗೆಯ ಆಸ್ಪತ್ರೆ ಬೇಕಿತ್ತು, 2023ರ ನಿಯಮಾವಳಿ ಅದನ್ನು ಐವತ್ತಕ್ಕೆ ಇಳಿಸಿತು. ಐವತ್ತು ಹಾಸಿಗೆ ಎಂದರೆ ಬಾಗಿಲು ತಾಲ್ಲೂಕು ಆಸ್ಪತ್ರೆಯ ತನಕ ತೆರೆಯಿತು ಎಂದೇ ಅರ್ಥ. ಒಬ್ಬರ ಹಿಂದೊಬ್ಬರಂತೆ ನಾಲ್ವರು ಹೆರಿಗೆ ವಿಭಾಗದ ರೆಸಿಡೆಂಟರು ಬಂದರೆ ವರ್ಷ ತುಂಬುತ್ತದೆ. ಅರಿವಳಿಕೆಗೆ ನಾಲ್ವರು, ಮಕ್ಕಳ ವಿಭಾಗಕ್ಕೆ ನಾಲ್ವರು. ಒಂದು ಊರಿಗೆ ಹನ್ನೆರಡು, ಮೂರು ಊರಿಗೆ ಮೂವತ್ತಾರು. ಹುಬ್ಬಳ್ಳಿ, ಗದಗ, ಧಾರವಾಡ, ಬಾಗಲಕೋಟೆ, ಬೆಳಗಾವಿ, ಸುತ್ತಲೂ ವೈದ್ಯಕೀಯ ಕಾಲೇಜುಗಳಿರುವ ಈ ಸೀಮೆಗೆ ವರ್ಷಕ್ಕೆ ಮೂವತ್ತಾರು ಜನ ಸಿಗಲಾರರೇ? ಅದಕ್ಕಿಂತಲೂ ಮುಂದೆ ಹೋಗಬಹುದು. ನೂರು ಹಾಸಿಗೆಯ ಆಸ್ಪತ್ರೆಯಲ್ಲೇ ಎರಡು ವರ್ಷದ ಡಿಪ್ಲೊಮಾ ಕಲಿಸಲು ರಾಷ್ಟ್ರೀಯ ಪರೀಕ್ಷಾ ಮಂಡಳಿ 2020ರಿಂದ ಅವಕಾಶ ಕೊಟ್ಟಿದೆ. ಅರಿವಳಿಕೆ, ಹೆರಿಗೆ, ಮಕ್ಕಳ ವಿಭಾಗ, ಕುಟುಂಬ ವೈದ್ಯ, ನಮಗೆ ಬೇಕಾದವೆಲ್ಲ ಅದರಲ್ಲಿವೆ.

ಕಲಿಯುವವರನ್ನು ಒಂಟಿಯಾಗಿ ಬಿಡಬಾರದು, ಅವರ ಮೇಲೆ ಹಿರಿಯ ತಜ್ಞರಿರಬೇಕು, ಆ ಹುದ್ದೆಗಳನ್ನು ಸರಕಾರ ತುಂಬಬೇಕು. 2018ರಲ್ಲಿ ಗಜೇಂದ್ರಗಡ ಹೊಸ ತಾಲ್ಲೂಕಾಗಿ ಕೆಲಸ ಆರಂಭಿಸಿತು. ತಾಲ್ಲೂಕೆಂಬ ಹೆಸರಿನ ಜೊತೆ ತಜ್ಞರೂ ಹಾಸಿಗೆಗಳೂ ತಾವಾಗಿ ಬಂದುಬಿಡುವುದಿಲ್ಲ, ಕೇಳಿ ತರಬೇಕು. ಮೂವತ್ತು ಹಾಸಿಗೆಯ ಸಮುದಾಯ ಕೇಂದ್ರದ ಮಾನದಂಡಕ್ಕೂ ಐವತ್ತು ಹಾಸಿಗೆಯ ಕಲಿಕಾ ಆಸ್ಪತ್ರೆಗೂ ನಡುವೆ ಇರುವುದು ಇಪ್ಪತ್ತೇ ಹಾಸಿಗೆ. ಆ ಇಪ್ಪತ್ತು ಹಾಸಿಗೆಯಾಚೆ ಒಂದು ತಾಲ್ಲೂಕಿನ ಬಾಣಂತಿಯರು ಕಾಯುತ್ತಿದ್ದಾರೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಮಗನಿಗೆ, ನಿಮ್ಮ ಅಣ್ಣನ ಮಗಳಿಗೆ ಪಿಜಿ ಸೀಟು ಸಿಕ್ಕ ದಿನ ಊರೆಲ್ಲ ಸಂಭ್ರಮಿಸಿತು. ಪೇಢೆ ಹಂಚಿದಿರಿ, ಬಸ್ ಸ್ಟ್ಯಾಂಡಿನ ಮುಂದೆ ಫ್ಲೆಕ್ಸ್ ಹಾಕಿಸಿದಿರಿ, ಗುಡಿಯಲ್ಲಿ ಅಭಿಷೇಕ ಮಾಡಿಸಿದಿರಿ. ಆ ಹೆಮ್ಮೆ ನಮ್ಮದೂ ಹೌದು. ಆದರೆ ಮೂರು ತಿಂಗಳು ತಾಲ್ಲೂಕಿಗೆ ಹೋಗುವ ಸರದಿ ಬಂದಾಗ, "ಅಲ್ಲೇನೈತಿ, ಓದು ಹಾಳಾಗ್ತದ, ಯಾರಿಗರೆ ಹೇಳಿ ಊರಾಗ ಹಾಕಿಸ್ಕೋ" ಎಂದವರು ಯಾರು? ಒಂದು ವರ್ಷದ ಗ್ರಾಮೀಣ ಸೇವೆಯ ಬಾಂಡ್ ಎದುರಾದಾಗ ದಂಡ ಕಟ್ಟಿದರಾಯಿತೆಂದು ಲೆಕ್ಕ ಹಾಕಿದವರು ಯಾರು? ವಶೀಲಿಗಾಗಿ ಶಾಸಕರ ಮನೆಯ ಮೆಟ್ಟಿಲು ಹತ್ತಿದವರು ಯಾರು? ಪರವೂರಿನ ದುಷ್ಟರಲ್ಲ. ನಾವು, ನೀವು. ಮಕ್ಕಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದಿರಿ, ಅದು ಗೊತ್ತು. ಆದರೆ ಅದೇ ವಾರ ನಿಮ್ಮ ಓಣಿಯ ಹೆಣ್ಣುಮಗಳಿಗೆ ಯಾರೋ "ಹುಬ್ಬಳ್ಳಿಗೆ ಒಯ್ರಿ" ಎಂದಿರುತ್ತಾರೆ, ನೀವೂ ಗಾಡಿಯವರೆಗೆ ಹೋಗಿ ಕೈಹಚ್ಚಿರುತ್ತೀರಿ, ಕಣ್ಣೀರೂ ಹಾಕಿರುತ್ತೀರಿ. ಆ ಕಣ್ಣೀರು ಸುಳ್ಳಲ್ಲ. ಅದಕ್ಕೂ ಆ ವಶೀಲಿಗೂ ಇರುವ ನಂಟನ್ನು ಒಂದು ಸಲ ನೋಡಿರೆಂದಷ್ಟೇ ಬೇಡುತ್ತೇನೆ. ನಿಮ್ಮ ಮಗಳು ಬಾರದೆ ಹೋದ ಆಸ್ಪತ್ರೆ ಯಾರದೋ ಮಗಳು ಸತ್ತ ಆಸ್ಪತ್ರೆಯಾಗಬಹುದು.

ಕಾನೂನಿನಿಂದಲೇ ಇದು ಆಗುವುದಿಲ್ಲವೆಂದು ನಾವು ಕಂಡಿದ್ದೇವೆ. ಕಡ್ಡಾಯ ಗ್ರಾಮೀಣ ಸೇವೆಗೆ ರಾಜ್ಯದ 2012ರ ಕಾಯ್ದೆ ಇದೆ. ಅದು ಕೋರ್ಟು ಕಂಡಿತು, ತಿದ್ದುಪಡಿ ಕಂಡಿತು. 2023ರಲ್ಲಿ, ಖಾಲಿ ಹುದ್ದೆಗಳಿಗೆ ಬೇಕಾದಷ್ಟೇ ಜನ ಎಂದು ಸಡಿಲವೂ ಆಯಿತು. ಓದು ಮುಗಿದು, ಮನಸ್ಸು ಬೇರೆಲ್ಲೋ ನೆಟ್ಟಿರುವಾಗ ಹಳ್ಳಿಗೆ ಅಟ್ಟಿದರೆ ಹಳ್ಳಿ ಶಿಕ್ಷೆಯಾಗಿ ಕಾಣುತ್ತದೆ. ಯಾರದೋ ಶಿಕ್ಷೆಯ ಜಾಗವಾಗಿ ಬದುಕುವುದು ನಮ್ಮ ಊರುಗಳಿಗೂ ಮರ್ಯಾದೆಯಲ್ಲ. ಕಲಿಯುವಾಗಲೇ ಬಂದವರಿಗೆ ಅದೇ ಹಳ್ಳಿ ಪಾಠಶಾಲೆ. ಕ್ರಿಮಿನಾಶಕ ಕುಡಿದ ರೈತನನ್ನು ಉಳಿಸುವುದು, ರಕ್ತವೇ ಇಲ್ಲದ ಮೈಯ ಬಸುರಿಗೆ ಹೆರಿಗೆ ಮಾಡಿಸುವುದು, ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದವರ ನೋವು ತಿಳಿಯುವುದು, ಜೋಳದ ಹೊಲದಲ್ಲಿ ಹಾವು ಕಡಿದವರಿಗೆ ವಿಷಕ್ಕೆ ಮದ್ದು ಹಾಕಿ ಉಸಿರು ಕಾಯುವುದು, ಇವನ್ನೆಲ್ಲ ದೊಡ್ಡ ಶಹರದ ಕಾಜಿನ ಆಸ್ಪತ್ರೆ ಅವರಿಗೆ ಎಷ್ಟು ಕಲಿಸೀತು?

ಯುವ ವೈದ್ಯರೇ, ನಿಮ್ಮ ಹೆದರಿಕೆ ಸುಳ್ಳೆಂದು ಹೇಳುವುದಿಲ್ಲ. ಉಳಿಯಲು ಮನೆಯಿಲ್ಲ, ರಾತ್ರಿ ಜೊತೆಗೆ ಹಿರಿಯರಿಲ್ಲ, ಯಂತ್ರವಿದ್ದರೆ ನಡೆಸುವವರಿಲ್ಲ, ರೋಗಿ ತೀರಿಕೊಂಡರೆ ಜನ ಮೈಮೇಲೆ ಬರುತ್ತಾರೆ. ಇವೆಲ್ಲ ನಿಜ. ಅದಕ್ಕೇ ಊರಿನವರನ್ನೂ ಕೇಳುತ್ತೇನೆ: ಡಾಕ್ಟರ ಮೇಲೆ ಕೈಯೆತ್ತಬೇಡಿ, ಎತ್ತುವವರನ್ನು ತಡೆಯಿರಿ. ಅದಕ್ಕೆ ಶಿಕ್ಷೆ ವಿಧಿಸುವ 2009ರ ಕಾಯ್ದೆ ಇದ್ದರೂ ನಡುರಾತ್ರಿ ಡ್ಯೂಟಿಯಲ್ಲಿರುವ ಆ ಯುವ ವೈದ್ಯೆಯನ್ನು ಕಾಯಬೇಕಾದವರು ನೀವೇ. ನಮ್ಮದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಕೂಡಿ ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿಸಿದರು. ಒಂದು ಶತಮಾನದ ಹಿಂದೆ ಸಾಲಕ್ಕಾಗಿ ಕೂಡಿದ ಜನ ಇಂದು ಕಲಿಯಲು ಬರುವ ನಾಲ್ಕು ಮಕ್ಕಳಿಗೆ ಒಳ್ಳೆಯ ನೀರು, ಬೆಳಕು ಇರುವ ಮನೆಯನ್ನೂ ಎರಡು ಹೊತ್ತಿನ ರೊಟ್ಟಿಯನ್ನೂ ಕೊಡಲಾರರೇ? ಹಾಗೆ ನೋಡಿಕೊಂಡ ಊರನ್ನು ಯಾರೂ ಮರೆಯುವುದಿಲ್ಲ. ಕಲಿತ ಊರು ವೈದ್ಯರನ್ನು ಹಿಡಿದುಕೊಳ್ಳುತ್ತದೆ, ಆ ಊರಿನ ಜನ ಕೈಚಾಚಿದರೆ ಇನ್ನೂ ಗಟ್ಟಿಯಾಗಿ.

ನೀವು ಸುಮ್ಮನಿರುವ ಜನವಲ್ಲ. 1980ರ ಜುಲೈಯಲ್ಲಿ ಮಲಪ್ರಭೆಯ ನೀರಿನ ಕರದ ವಿರುದ್ಧ ನರಗುಂದದ ರೈತರು ಎದ್ದು ನಿಂತಾಗ ಇಡೀ ಕರ್ನಾಟಕ ಎಚ್ಚೆತ್ತಿತು. 2015ರಲ್ಲಿ ಮಹದಾಯಿ ನದಿಯ ನೀರಿಗಾಗಿ ಇದೇ ನರಗುಂದದಲ್ಲಿ ಚಪ್ಪರ ಹಾಕಿ ಕುಳಿತವರು ವರ್ಷಗಟ್ಟಲೆ ಏಳಲಿಲ್ಲ. ನೀರಿಗಾಗಿ ಪ್ರಾಣ ಕೊಟ್ಟ ನೆಲವಿದು. ಆ ನೆಲದಲ್ಲಿ ಹೆರಿಗೆಗೆಂದು ಹೋದ ಹೆಣ್ಣುಮಗಳ ಪ್ರಾಣಕ್ಕಾಗಿ ಇದುವರೆಗೆ ಎಷ್ಟು ಚಪ್ಪರಗಳು ಎದ್ದಿವೆ? ನೀರು ಬತ್ತಿದರೆ ಎಲ್ಲರ ಹೊಲವೂ ಒಣಗುತ್ತದೆ. ವೈದ್ಯರಿಲ್ಲದಿದ್ದರೆ ಒಂದು ರಾತ್ರಿಗೆ ಒಂದೇ ಮನೆ ಒಣಗುತ್ತದೆ. ಅದಕ್ಕೇ ಈ ದುಃಖಕ್ಕೆ ಮೆರವಣಿಗೆ ಹುಟ್ಟಲಿಲ್ಲ, ಇದಕ್ಕೆ ಘೋಷಣೆಯಿಲ್ಲ, ಒಂದೊಂದು ಮನೆ ತನ್ನ ತನ್ನ ಬಾಗಿಲು ಹಾಕಿಕೊಂಡು ಅತ್ತು ಮುಗಿಸುತ್ತದೆ.

2019ರ ಆಗಸ್ಟನ್ನೂ ನೆನೆಯಿರಿ. ಮಲಪ್ರಭೆ ಉಕ್ಕಿತು, ಬೆಣ್ಣೆಹಳ್ಳ ಉಕ್ಕಿತು. ಕೊಣ್ಣೂರು, ಲಖಮಾಪುರ, ಮೆಣಸಗಿ, ಹೊಳೆಆಲೂರು ನೀರಿನಲ್ಲಿ ನಿಂತವು, ದಾರಿಗಳು ಕಡಿದುಹೋದವು. ದಾರಿಯೇ ಇಲ್ಲದ ದಿನ "ಹುಬ್ಬಳ್ಳಿಗೆ ಒಯ್ರಿ" ಎಂಬ ಮಾತಿಗೆ ಅರ್ಥವೇನು? ಅಂದು ರೋಗಿಗೆ ಇರುವುದು ತಾನಿದ್ದ ಊರಿನ ಆಸ್ಪತ್ರೆಯೊಂದೇ. ಹುಬ್ಬಳ್ಳಿ ಎಷ್ಟೇ ಬೆಳೆಯಲಿ, ಅಂಥ ರಾತ್ರಿಗೆ ಅದು ಬರಲಾರದು.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ನೀವು ತಾಯಿ ತಂದೆಯಾಗಿದ್ದರೆ, ಮಕ್ಕಳ ಸರದಿ ಬಂದಾಗ ಯಾರಿಗೂ ಫೋನ್ ಹಚ್ಚಬೇಡಿ. "ಹೋಗು ಮಗಳೇ, ನಮ್ಮ ಮಂದಿ ಅಲ್ಲಿದ್ದಾರ" ಎಂದು ಕಳಿಸಿ. ನೀವು ರೆಸಿಡೆಂಟರಾಗಿದ್ದರೆ, ಆಯ್ಕೆಯ ಹಾಳೆ ಕೈಗೆ ಬಂದಾಗ ರೋಣ, ನರಗುಂದ, ಗಜೇಂದ್ರಗಡದ ಹೆಸರನ್ನು ಕೇಳಿ ಪಡೆಯಿರಿ. ಪಟ್ಟಿಯಲ್ಲಿ ಅವು ಇಲ್ಲದಿದ್ದರೆ ಏಕಿಲ್ಲವೆಂದು ಕೇಳಿ. ನೀವು ಕಾಲೇಜಿನ ಹೊಣೆ ಹೊತ್ತವರಾಗಿದ್ದರೆ, ಜಿಲ್ಲೆಯ ಊರಿನಲ್ಲೇ ನಿಮ್ಮ ಮಕ್ಕಳನ್ನು ನಿಲ್ಲಿಸಬೇಡಿ, ತಾಲ್ಲೂಕಿಗೆ ಕಳಿಸಿ, ವಾರಕ್ಕೊಮ್ಮೆ ನೀವೂ ಬಂದು ಪಾಠ ಹೇಳಿ. ನೀವು ಅಧಿಕಾರದಲ್ಲಿದ್ದರೆ, ಆ ಹಾಸಿಗೆಗಳನ್ನೂ ಆ ಹಿರಿಯ ತಜ್ಞರ ಹುದ್ದೆಗಳನ್ನೂ ಈ ವರ್ಷದ ಕಡತದಲ್ಲೇ ಬರೆಯಿರಿ. ನೀವು ಈ ಊರುಗಳ ಸಾಮಾನ್ಯ ಪ್ರಜೆಯಾಗಿದ್ದರೆ, ಮುಂದಿನ ಸಲ ಓಟು ಕೇಳಲು ಬಂದವರನ್ನು ರಸ್ತೆ, ಗಟಾರ, ಸಮುದಾಯ ಭವನ ಕೇಳುವ ಮುಂಚೆ ಇದೊಂದನ್ನು ಕೇಳಿ: ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರು ಕಲಿಯುವುದು ಎಂದಿನಿಂದ?

ದಾನ ಕೇಳುತ್ತಿಲ್ಲ, ಯಾರ ತ್ಯಾಗವನ್ನೂ ಕೇಳುತ್ತಿಲ್ಲ. ನಮ್ಮ ರೋಗಗಳೂ ಒಬ್ಬ ವೈದ್ಯರನ್ನು ತಯಾರು ಮಾಡಬಲ್ಲವು, ನಮ್ಮ ಊರುಗಳೂ ಗುರುವಾಗಬಲ್ಲವು, ಅಷ್ಟನ್ನು ಒಪ್ಪಿಕೊಳ್ಳಿ. ಇದನ್ನು ಓದುತ್ತಿರುವ ನಿಮ್ಮಲ್ಲಿ ಆ ಒಳ್ಳೆಯತನವಿದೆ, ಅದನ್ನು ನಾನು ಅನುಮಾನಿಸುವುದಿಲ್ಲ. ಮಕ್ಕಳ ಮುಂದಿನ ಸರದಿಯ ಪಟ್ಟಿ ಹೊರಬೀಳುವ ಮೊದಲು ಅದು ನಿಮ್ಮ ಬಾಯಿಂದ ಮಾತಾಗಿ, ನಿಮ್ಮ ಕೈಯಿಂದ ಅರ್ಜಿಯಾಗಿ ಬರಲಿ.